ದೋಣಿಯೊಳಗೆ ನೀರು ತುಂಬಿಸಿದರೆ ಅದು ಮಗುಚುವುದಿಲ್ಲವೇ? ಅರ್ಧ ಸತ್ಯದ ಪೂರ್ತಿ ಲೆಕ್ಕ

"ದೋಣಿ ಅಲ್ಲಾಡುತ್ತಿದ್ದರೆ ತಳಕ್ಕೆ ಒಂದಿಷ್ಟು ನೀರು ಸುರಿಯಿರಿ, ಭಾರಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ." "ವಿದೇಶದ ಹಾಯಿದೋಣಿಗಳಲ್ಲಿ ನೀರು ತುಂಬಿಸಿಯೇ ಓಡಿಸುತ್ತಾರೆ, ಹಾಗಾಗಿ ನಮ್ಮ ತೆಪ್ಪದಲ್ಲೂ ನೀರಿನ ಕ್ಯಾನ್ ಇಟ್ಟುಕೊಂಡರೆ ಅಪಾಯವಿಲ್ಲ." ಇಂಥ ಮಾತುಗಳನ್ನು ಕೇಳಿದಾಗ ನಿಜವಿರಬಹುದು ಅನ್ನಿಸುವುದು ಸಹಜ. ಏಕೆಂದರೆ ಇದರಲ್ಲಿ ಅರ್ಧ ನಿಜವಿದೆ. ನೀರು ತುಂಬಿಸಿಕೊಂಡು ಸಮತೋಲನ ಕಾಯ್ದುಕೊಳ್ಳುವ ದೋಣಿಗಳು ಜಗತ್ತಿನಲ್ಲಿ ನಿಜವಾಗಿಯೂ ಇವೆ. ಆದರೆ ಉಳಿದರ್ಧ ತಿಳಿಯದಿದ್ದರೆ ಜೀವಕ್ಕೇ ಕುತ್ತು ಬರಬಹುದು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಇದು ದೂರದ ವಿಷಯವಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ, ಸಾಗರ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ಸುಮಾರು 300 ಚದರ ಕಿ.ಮೀ. ಹಿನ್ನೀರು ಹರಡಿತು. ತುಮರಿ ಸುತ್ತಲಿನ ಊರುಗಳಿಗೆ ದಶಕಗಳ ಕಾಲ ಲಾಂಚೇ ಹೆದ್ದಾರಿಯಾಗಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಸೇತುವೆ ಬಂದರೂ ಹಿನ್ನೀರು ಹೋಗಿಲ್ಲ. ಮೀನು ಹಿಡಿಯಲು ತೆಪ್ಪ, ದೋಣಿ ಬಳಸುವವರಿದ್ದಾರೆ. ಹೊನ್ನೆಮರಡುವಿನಂಥ ಕಡೆ ಕಯಾಕ್, ಕೆನೋ ಹತ್ತಲು ಬರುವವರಿದ್ದಾರೆ. ಹಾಗಾಗಿ ನೀರು ಯಾವಾಗ ದೋಣಿಯನ್ನು ಕಾಯುತ್ತದೆ, ಯಾವಾಗ ಮಗುಚಿಸುತ್ತದೆ ಎಂಬುದನ್ನು ನಾವು ಇಲ್ಲಿ ಬಿಡಿಸಿ ನೋಡೋಣ.

ಎಷ್ಟು ಭಾರ ಎನ್ನುವುದಕ್ಕಿಂತ ಎಲ್ಲಿ ಭಾರ ಎನ್ನುವುದು ಮುಖ್ಯ

ತೇಲುವ ದೋಣಿಯ ಮೇಲೆ ಎರಡು ಬಲಗಳು ಕೆಲಸ ಮಾಡುತ್ತವೆ. ಒಂದು, ದೋಣಿ, ಜನ, ಸಾಮಾನು ಎಲ್ಲದರ ತೂಕ. ಇದು ಗುರುತ್ವ ಕೇಂದ್ರ ಎಂಬ ಒಂದೇ ಬಿಂದುವಿನಲ್ಲಿ ಕೆಳಕ್ಕೆ ಎಳೆಯುತ್ತದೆ ಎಂದು ಭಾವಿಸಬಹುದು. ಇನ್ನೊಂದು, ನೀರು ಮೇಲಕ್ಕೆ ಒತ್ತುವ ಬಲ. ದೋಣಿ ಎಷ್ಟು ನೀರನ್ನು ಪಕ್ಕಕ್ಕೆ ತಳ್ಳಿದೆಯೋ ಆ ನೀರಿನ ತೂಕದಷ್ಟು ಬಲ ಅದು. ಆರ್ಕಿಮಿಡೀಸನ ಈ ನಿಯಮವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ.

ದೋಣಿ ಒಂದು ಬದಿಗೆ ವಾಲಿದಾಗ ಆ ಬದಿ ನೀರಿನಲ್ಲಿ ಹೆಚ್ಚು ಮುಳುಗುತ್ತದೆ. ಮೇಲಕ್ಕೆ ಒತ್ತುವ ಬಲದ ಕೇಂದ್ರವೂ ಅತ್ತ ಸರಿದು, ವಾಲಿದ ಬದಿಯನ್ನು ಮತ್ತೆ ಎತ್ತಲು ನೋಡುತ್ತದೆ. ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ಈ ಎತ್ತುವ ಕೆಲಸ ಸುಲಭ. ಮೇಲಿದ್ದಷ್ಟೂ ಕಷ್ಟ. ಒಂದು ಹಂತ ದಾಟಿದರೆ ತೂಕವೇ ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ. ಆಗ ದೋಣಿ ಮಗುಚುತ್ತದೆ.

ಸ್ವೀಡನ್ನಿನ ವಾಸಾ ಎಂಬ ಯುದ್ಧನೌಕೆ 1628ರ ಆಗಸ್ಟ್ 10ರಂದು ತನ್ನ ಮೊದಲ ಪಯಣದಲ್ಲೇ, ಹೊರಟು ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ, ಸ್ಟಾಕ್‌ಹೋಮ್ ಬಂದರಿನಲ್ಲೇ ಮುಳುಗಿತು. ಭಾರ ಕಡಿಮೆಯಿತ್ತು ಎಂದಲ್ಲ. ಮೇಲ್ಭಾಗದಲ್ಲಿ ಭಾರ ಹೆಚ್ಚಾಗಿತ್ತು, ತಳದಲ್ಲಿ ಅದಕ್ಕೆ ತಕ್ಕಷ್ಟು ಇರಲಿಲ್ಲ. ಗಾಳಿಗೆ ವಾಲಿದಾಗ ಫಿರಂಗಿಯ ಕಿಂಡಿಗಳಿಂದ ನೀರು ನುಗ್ಗಿತು. ಹೀಗಾಗದಂತೆ ತಳದಲ್ಲಿ ಬೇಕೆಂದೇ ಇಡುವ ಭಾರಕ್ಕೆ ಬ್ಯಾಲಾಸ್ಟ್ ಎನ್ನುತ್ತಾರೆ. ಹಿಂದೆ ಕಲ್ಲು, ಮರಳು ತುಂಬುತ್ತಿದ್ದರು. ಈಗ ಸೀಸ, ಕಬ್ಬಿಣ ಅಥವಾ ನೀರು.

ಹಾಯಿದೋಣಿಗೆ ನೀರೇ ಏಕೆ?

ಹಾಯಿದೋಣಿಯ ಕಷ್ಟ ಬೇರೆ ರೀತಿಯದು. ಎತ್ತರದ ಹಾಯಿಗೆ ಗಾಳಿ ಬಡಿದು ದೋಣಿಯನ್ನು ಸದಾ ಒಂದು ಬದಿಗೆ ತಳ್ಳುತ್ತಿರುತ್ತದೆ. ಅದನ್ನು ತಡೆಯಲು ತಳದಲ್ಲಿ ಭಾರ ಬೇಕು. ಆದರೆ ಸೀಸದ ಭಾರವಿರುವ ದೋಣಿಯನ್ನು ಸಣ್ಣ ಕಾರಿನ ಹಿಂದೆ ಟ್ರೈಲರ್‌ನಲ್ಲಿ ಎಳೆದೊಯ್ಯುವುದು ಸುಲಭವಲ್ಲ. ಇದಕ್ಕೆ ಕಂಡುಕೊಂಡ ಉಪಾಯವೇ ನೀರಿನ ಬ್ಯಾಲಾಸ್ಟ್. ಅಮೆರಿಕದ ಮ್ಯಾಕ್‌ಗ್ರೆಗರ್ 26 ಇದಕ್ಕೆ ಹೆಸರುವಾಸಿ. ದೋಣಿಯನ್ನು ನೀರಿಗಿಳಿಸಿದ ಮೇಲೆ ತಳದ ಟ್ಯಾಂಕಿನ ಕವಾಟ ತೆರೆದರೆ ನೀರು ತಾನೇ ಒಳಗೆ ತುಂಬುತ್ತದೆ. ಅದರ 26ಎಕ್ಸ್ ಮಾದರಿಯಲ್ಲಿ ಹೀಗೆ ತುಂಬುವ ನೀರು 600 ಕಿಲೋಗಿಂತ ಹೆಚ್ಚು. ಮನೆಗೆ ಹೊರಡುವಾಗ ಟ್ರೈಲರ್ ಮೇಲೆ ಎಳೆದರೆ ನೀರು ಹರಿದುಹೋಗಿ ದೋಣಿ ಮತ್ತೆ ಹಗುರ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಾವಿಯಲ್ಲಿ ಕೊಡ ನೀರಿನೊಳಗೆ ಇರುವವರೆಗೆ ಹಗುರವಾಗಿರುತ್ತದೆ, ಮೇಲೆ ಬಂದ ಮೇಲೆ ಭಾರವಾಗುತ್ತದೆ. ಹಾಗಿದ್ದರೆ ನೀರಿನ ಮಟ್ಟಕ್ಕಿಂತ ಕೆಳಗಿರುವ ಟ್ಯಾಂಕಿನ ನೀರು ದೋಣಿಗೆ ಭಾರ ಹೇಗಾದೀತು?

ಟ್ಯಾಂಕಿನ ಮುಚ್ಚಳ ಹಾಕಿದ ಮೇಲೆ ಒಳಗಿನ ನೀರು ಕೆರೆಯ ನೀರಲ್ಲ, ದೋಣಿಯ ಒಂದು ಭಾಗ. ದೋಣಿ ಅದನ್ನೂ ಹೊರಬೇಕು, ಅದಕ್ಕೆ ತಕ್ಕಂತೆ ಸ್ವಲ್ಪ ಕೆಳಗಿಳಿಯುತ್ತದೆ. ಒಟ್ಟು ಗುರುತ್ವ ಕೇಂದ್ರವೂ ಕೆಳಗೆ ಬರುತ್ತದೆ. ಗಾಳಿಗೆ ದೋಣಿ ಜೋರಾಗಿ ವಾಲಿದಾಗ ಟ್ಯಾಂಕಿನ ಒಂದು ಭಾಗ ನೀರಿನ ಮಟ್ಟಕ್ಕಿಂತ ಮೇಲೇಳುತ್ತದೆ. ಬಾವಿಯಿಂದ ಮೇಲೆದ್ದ ಕೊಡದ ಹಾಗೆ ಆಗ ಅದರ ಭಾರ ಪೂರ್ತಿ ಗೊತ್ತಾಗುತ್ತದೆ, ದೋಣಿಯನ್ನು ಹಿಂದಕ್ಕೆ ಎಳೆಯುತ್ತದೆ. ಇದೇ ಕಾರಣಕ್ಕೆ ಇಂಥ ದೋಣಿಗಳು ಮೊದಲು ಬೇಗ ವಾಲುತ್ತವೆ, ಆಮೇಲೆ ಗಟ್ಟಿಯಾಗಿ ನಿಲ್ಲುತ್ತವೆ. ಸೀಸ ನೀರಿಗಿಂತ ಸುಮಾರು 11 ಪಟ್ಟು ಸಾಂದ್ರ. ಅಷ್ಟೇ ತೂಕವನ್ನು ಚಿಕ್ಕ ಜಾಗದಲ್ಲಿ, ಇನ್ನೂ ಆಳದಲ್ಲಿ ಇಡಬಹುದು. ಹಾಗಾಗಿ ಒಂದೇ ತೂಕಕ್ಕೆ ಸೀಸವೇ ಹೆಚ್ಚು ಪರಿಣಾಮಕಾರಿ.

ಎಲ್ಲಕ್ಕಿಂತ ಮುಖ್ಯವಾದ ಷರತ್ತು ಒಂದಿದೆ. ಟ್ಯಾಂಕ್ ಪೂರ್ತಿ ತುಂಬಿರಬೇಕು. ಪೂರ್ತಿ ತುಂಬದಿದ್ದರೆ ದೋಣಿ ವಾಲಿದ ಮೇಲೆ ತಾನಾಗಿ ನೆಟ್ಟಗಾಗದೆ ಇರಬಹುದು ಎಂದು ತಯಾರಕರೇ ಎಚ್ಚರಿಸಿದ್ದರು. ಹಾಗೇಕೆ?

ಓಡಾಡುವ ನೀರೇ ಶತ್ರು

ತುಂಬಿದ ಬಾಟಲಿಯನ್ನು ಅಡ್ಡ ಮಲಗಿಸಿ ಅಲ್ಲಾಡಿಸಿ, ಒಳಗೆ ಏನೂ ಕದಲದು. ಅರ್ಧ ಬಾಟಲಿಯನ್ನು ಅಲ್ಲಾಡಿಸಿ, ನೀರು ಅತ್ತಿಂದಿತ್ತ ಓಡುತ್ತದೆ. ದೋಣಿಯ ತಳದಲ್ಲಿ ನಿಂತ ನೀರೂ ಹೀಗೆಯೇ. ದೋಣಿ ಎಡಕ್ಕೆ ವಾಲಿದರೆ ಅದೂ ಎಡಕ್ಕೇ ಓಡುತ್ತದೆ. ನೆಟ್ಟಗೆ ನಿಲ್ಲಲು ಸಹಾಯ ಬೇಕಾದ ಹೊತ್ತಿನಲ್ಲಿ ಬೀಳಿಸುವವರ ಜೊತೆ ಸೇರಿಕೊಳ್ಳುತ್ತದೆ.

ಒಂದು ಸರಳ ಲೆಕ್ಕ ನೋಡೋಣ. 4 ಮೀಟರ್ ಉದ್ದ, 1.5 ಮೀಟರ್ ಅಗಲದ ಚಪ್ಪಟೆ ತಳದ ದೋಣಿಯೊಂದಿದೆ ಎಂದುಕೊಳ್ಳಿ. ತಳದಲ್ಲಿ 5 ಸೆಂ.ಮೀ. ನೀರು ನಿಂತಿದೆ, ಅಂದರೆ ಪಾದ ಒದ್ದೆಯಾಗುವಷ್ಟು ಮಾತ್ರ. ಅದು 300 ಲೀಟರ್, ಅಂದರೆ 300 ಕಿಲೋ. ಐದು ಜನ ದೊಡ್ಡವರ ತೂಕ! ಈಗ ದೋಣಿಯ ಒಂದು ಬದಿ ಇನ್ನೊಂದಕ್ಕಿಂತ 10 ಸೆಂ.ಮೀ. ಕೆಳಗಾಯಿತು. ಇದು ದೊಡ್ಡ ವಾಲಿಕೆಯಲ್ಲ, 4 ಡಿಗ್ರಿಯೂ ಇಲ್ಲ. ಅಷ್ಟಕ್ಕೇ ಮೇಲಿನ ಅಂಚು ಒಣಗಿ, ಕೆಳಗಿನ ಅಂಚಿನಲ್ಲಿ ನೀರು 10 ಸೆಂ.ಮೀ. ಆಗುತ್ತದೆ. ಒಟ್ಟು ನೀರಿನ ಭಾರದ ಕೇಂದ್ರ 25 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. 75 ಕಿಲೋ ತೂಕದ ಒಬ್ಬರು ಎದ್ದು ಒಂದು ಮೀಟರ್ ಪಕ್ಕಕ್ಕೆ ಹೋಗಿ ಕುಳಿತಷ್ಟೇ ಇದರ ಪರಿಣಾಮ. ವಾಲಿಕೆ ಹೆಚ್ಚಾದಂತೆ ನೀರು ಇನ್ನೂ ಅತ್ತಲೇ ಸರಿಯುತ್ತದೆ.

ಈ ಪರಿಣಾಮ ನೀರು ಹರಡಿರುವ ಅಗಲದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಅಗಲ ಎರಡು ಪಟ್ಟಾದರೆ ಪರಿಣಾಮ ಎಂಟು ಪಟ್ಟು. ಅದಕ್ಕಾಗಿಯೇ ದೊಡ್ಡ ಹಡಗುಗಳ ಟ್ಯಾಂಕುಗಳನ್ನು ಗೋಡೆ ಹಾಕಿ ವಿಭಾಗಿಸುತ್ತಾರೆ. ಮಧ್ಯೆ ಉದ್ದಕ್ಕೆ ಒಂದೇ ಒಂದು ಗೋಡೆ ಹಾಕಿದರೂ ಈ ಕೆಡುಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಅಡುಗೆ ಮನೆಯಲ್ಲೇ ಪರೀಕ್ಷಿಸಿ

ನಮ್ಮ ಮಾತನ್ನು ನಂಬಬೇಕಿಲ್ಲ. ಒಂದು ಬಕೆಟ್ ನೀರು, ಒಂದು ಉದ್ದನೆಯ ಸ್ಟೀಲ್ ಲೋಟ ಸಾಕು. ಖಾಲಿ ಲೋಟವನ್ನು ನೀರಿನ ಮೇಲೆ ನೆಟ್ಟಗೆ ಬಿಡಿ, ಅದು ವಾಲಿ ಬೀಳುತ್ತದೆ. ಅರ್ಧದಷ್ಟು ನೀರು ಹಾಕಿ ಬಿಡಿ, ನೆಟ್ಟಗೆ ನಿಲ್ಲುತ್ತದೆ. ಇದು ಬ್ಯಾಲಾಸ್ಟಿನ ಲಾಭ.

ಈಗ ಅಗಲ ಬಾಯಿಯ ಟಬ್ಬಿನಲ್ಲಿ ಅಂಚಿರುವ ಊಟದ ತಟ್ಟೆಯನ್ನು ತೇಲಿಬಿಡಿ. ಖಾಲಿ ತಟ್ಟೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಅದು ಮತ್ತೆ ಸರಿಯಾಗುತ್ತದೆ. ತಟ್ಟೆಗೆ ತೆಳ್ಳಗೆ ನೀರು ಹಾಕಿ ಅಷ್ಟೇ ಮೆಲ್ಲಗೆ ಒತ್ತಿ. ನೀರೆಲ್ಲ ಒತ್ತಿದ ಬದಿಗೆ ನುಗ್ಗುತ್ತದೆ, ತಟ್ಟೆ ಸುಲಭವಾಗಿ ಮುಳುಗುತ್ತದೆ.

ಅದೇ ನೀರು ಲೋಟವನ್ನು ಕಾಯಿತು, ತಟ್ಟೆಯನ್ನು ಮುಳುಗಿಸಿತು. ಕಾರಣವೇನು? ಕಿರಿದಾದ, ಎತ್ತರದ ಲೋಟಕ್ಕೆ ಭಾರ ಕೆಳಗಿಳಿಯುವುದೇ ಬೇಕಾಗಿತ್ತು. ಅಗಲದ ತಟ್ಟೆಗೆ ಅಗಲವೇ ಆಧಾರವಾಗಿತ್ತು, ಹರಡಿದ ನೀರು ಆ ಆಧಾರವನ್ನೇ ಕಿತ್ತುಕೊಂಡಿತು. ನಮ್ಮ ತೆಪ್ಪವಾಗಲಿ, ಚಪ್ಪಟೆ ತಳದ ದೋಣಿಯಾಗಲಿ ಲೋಟದ ಜಾತಿಯಲ್ಲ, ತಟ್ಟೆಯ ಜಾತಿ.

ಹಾಗಿದ್ದರೆ ಮುಚ್ಚಿದ ಕ್ಯಾನ್ ಇಡಬಹುದೇ?

ಮುಚ್ಚಳ ಹಾಕಿದ, ಪೂರ್ತಿ ತುಂಬಿದ ಕ್ಯಾನಿನೊಳಗೆ ನೀರು ಓಡಾಡುವುದಿಲ್ಲ, ಸರಿ. ಆದರೆ ಕಟ್ಟದೆ ಇಟ್ಟ ಕ್ಯಾನೇ ಜಾರುತ್ತದೆ. ದೋಣಿ ವಾಲಿದಾಗ ಅದೂ ಅತ್ತಲೇ ಹೋಗುತ್ತದೆ. ಇನ್ನೊಂದು ತೊಂದರೆ, ಭಾರ ಹಾಕಿದಷ್ಟೂ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ. ಮೇಲೆ ಹೇಳಿದ ದೋಣಿಗೆ 300 ಕಿಲೋ ಹೆಚ್ಚುವರಿ ಹಾಕಿದರೆ ಅದು 5 ಸೆಂ.ಮೀ. ಕೆಳಗಿಳಿಯುತ್ತದೆ. ಮೊದಲೇ ಒಂದು ಗೇಣು ಮಾತ್ರ ಅಂಚು ಉಳಿದಿದ್ದರೆ, ಗಾಳಿಗೆ ಎದ್ದ ಅಲೆ ಒಳಗೆ ಬರಲು ಅಷ್ಟು ಸಾಕು. ಹಾಗೆ ಬಂದ ನೀರು ಕ್ಯಾನಿನೊಳಗೆ ಇರುವುದಿಲ್ಲ, ತಳದಲ್ಲಿ ಓಡಾಡುತ್ತದೆ. ಅಲ್ಲಿಂದ ಮುಂದೆ ಒಂದಕ್ಕೊಂದು ಸೇರಿಕೊಂಡು ಅಪಾಯ ಬೆಳೆಯುತ್ತದೆ.

ಬ್ಯಾಲಾಸ್ಟ್ ಇರುವ ಹಾಯಿದೋಣಿಯನ್ನು ಮೊದಲೇ ಆ ಭಾರ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಅಂಚಿನ ಎತ್ತರ, ಮುಚ್ಚಿದ ಮೇಲ್ಭಾಗ, ಟ್ಯಾಂಕಿನ ಜಾಗ ಎಲ್ಲವೂ ಆ ಲೆಕ್ಕಕ್ಕೆ ಸೇರಿವೆ. ತೆಪ್ಪಕ್ಕೆ ಈ ಯಾವುದೂ ಇಲ್ಲ.

ಜನರೂ ಓಡಾಡುವ ಭಾರವೇ

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಜಲಕನ್ಯಕಾ ಎಂಬ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ದಡದ ಪ್ರಾಣಿಗಳನ್ನು ನೋಡಲು ಪ್ರಯಾಣಿಕರು ಒಂದೇ ಬದಿಗೆ ಸರಿದದ್ದು ಆಗ ದೊಡ್ಡ ಚರ್ಚೆಯಾಯಿತು. ನಮ್ಮದೇ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ 2019ರ ಜನವರಿ 21ರಂದು ಮಗುಚಿ 16 ಜನ ತೀರಿಕೊಂಡರು. ಸೆಲ್ಫಿಗಾಗಿ ಎದ್ದು ನಿಲ್ಲುವುದು ಗುರುತ್ವ ಕೇಂದ್ರವನ್ನು ಮೇಲಕ್ಕೆತ್ತುತ್ತದೆ. ಎಲ್ಲರೂ ಒಂದೇ ಬದಿಗೆ ಹೋಗುವುದು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಎರಡೂ ಒಟ್ಟಿಗೆ ಆದರೆ ಕೇಳಬೇಕೇ?

ಹಿನ್ನೀರಿಗೆ ಇಳಿಯುವ ಮುನ್ನ

ಜೀವರಕ್ಷಕ ಜಾಕೆಟ್ ಕಾಲಡಿ ಇಟ್ಟುಕೊಳ್ಳುವ ವಸ್ತುವಲ್ಲ, ಹತ್ತುವ ಮೊದಲೇ ಹಾಕಿಕೊಳ್ಳಿ. ತಳದ ಮಧ್ಯದಲ್ಲಿ ಕುಳಿತುಕೊಳ್ಳಿ, ಸಾಮಾನನ್ನೂ ತಳದಲ್ಲೇ ಇಟ್ಟು ಕಟ್ಟಿ. ನೀರು ಎತ್ತಿ ಹಾಕಲು ಒಂದು ಡಬ್ಬಿ ಇರಲಿ, ಪಾದ ಒದ್ದೆಯಾಗುವಷ್ಟು ನೀರು ಕಂಡರೂ ಕೂಡಲೇ ಹೊರಚೆಲ್ಲಿ. ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಿದ್ದ ಮರದ ಬೊಡ್ಡೆಗಳು ತಳಕ್ಕೆ ತಾಗಬಹುದು. ಮಳೆಗಾಲದಲ್ಲಿ ಬಯಲು ನೀರಿನ ಮೇಲೆ ಗಾಳಿ ಬೇಗ ಅಲೆ ಎಬ್ಬಿಸುತ್ತದೆ. ಇದನ್ನೆಲ್ಲ ನಿತ್ಯ ಬಲ್ಲ ಊರಿನ ಅಂಬಿಗರು ಇವತ್ತು ಬೇಡ ಎಂದರೆ ವಾದ ಮಾಡಬೇಡಿ. ಮಗುಚಿದರೆ ತೇಲುತ್ತಿರುವ ದೋಣಿಯನ್ನೇ ಹಿಡಿದುಕೊಂಡಿರಿ. ದಡ ಹತ್ತಿರ ಕಂಡರೂ ಈಜಿ ಹೋಗುವುದು ಹೆಚ್ಚು ಅಪಾಯ.

ಇನ್ನು ಮೇಲೆ "ನೀರು ಸುರಿದರೆ ದೋಣಿ ಗಟ್ಟಿ" ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಹೀಗೆ ಉತ್ತರಿಸಬಹುದು: ಅದಕ್ಕೆಂದೇ ಕಟ್ಟಿದ ದೋಣಿಯಲ್ಲಿ, ತಳದ ಮುಚ್ಚಿದ ಟ್ಯಾಂಕಿನಲ್ಲಿ, ಪೂರ್ತಿ ತುಂಬಿದ ನೀರು ದೋಣಿಯನ್ನು ಕಾಯುತ್ತದೆ. ತಳದಲ್ಲಿ ಓಡಾಡುವ ನೀರು ದೋಣಿಯನ್ನು ಮಗುಚಿಸುತ್ತದೆ. ನಿಮ್ಮ ದೋಣಿಯಲ್ಲಿ ಅಂಥ ಟ್ಯಾಂಕ್ ಇಲ್ಲದಿದ್ದರೆ, ಒಳಗಿನ ಪ್ರತಿ ಡಬ್ಬಿ ನೀರನ್ನೂ ಹೊರಗೆ ಚೆಲ್ಲಿ.