ಬಡಾವಣೆ ನಿಯಮಗಳು: ದಂಡಕ್ಕಿಂತ ಮುಂಚಿನ ತಪಾಸಣೆ ಮೇಲು

ಕೊಳ್ಳೇಗಾಲದಿಂದ ತಿರುಮಕೂಡಲು ನರಸೀಪುರ, ಮೈಸೂರು, ನಂಜನಗೂಡುಗಳ ಮೂಲಕ ಕೇರಳದತ್ತ ಸಾಗುವ 766ನೇ ರಾಷ್ಟ್ರೀಯ ಹೆದ್ದಾರಿಯು ನಮ್ಮ ಎರಡು ತಾಲ್ಲೂಕುಗಳ ವಾಣಿಜ್ಯದ ಜೀವನಾಡಿ. ನಂಜನಗೂಡಿನ ಕೈಗಾರಿಕಾ ಪ್ರದೇಶಗಳು ಬೆಳೆದಂತೆ, ಹೊಲಗದ್ದೆಗಳಲ್ಲಿ ಕಲ್ಲು ನೆಟ್ಟು ನಿವೇಶನ ಮಾರುವ ವಹಿವಾಟೂ ಬೆಳೆದಿದೆ. ಈ ಬೆಳವಣಿಗೆಯನ್ನು ಕ್ರಮಬದ್ಧಗೊಳಿಸುವುದು ಹೇಗೆಂಬುದು ಇಂದಿನ ಪ್ರಶ್ನೆ.

ಕಾನೂನಿನ ಕೊರತೆಯಂತೂ ಇಲ್ಲ. 1964ರ ಭೂಕಂದಾಯ ಅಧಿನಿಯಮದ 95ನೇ ಪ್ರಕರಣದನ್ವಯ ಭೂಪರಿವರ್ತನೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 17ನೇ ಪ್ರಕರಣದನ್ವಯ ಬಡಾವಣೆ ನಕ್ಷೆಯ ಮಂಜೂರಾತಿ, ಸ್ಥಳೀಯ ಸಂಸ್ಥೆಯಿಂದ ಖಾತೆ ಹಾಗೂ ಕಟ್ಟಡ ಪರವಾನಗಿ, ಉಪನೋಂದಣಾಧಿಕಾರಿಗಳಲ್ಲಿ ನೋಂದಣಿ, ಹೀಗೆ ನಾಲ್ಕು ಬಾಗಿಲುಗಳಿವೆ. ನಂಜನಗೂಡು ಪಟ್ಟಣವು ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶಕ್ಕೆ ಸೇರಿರುವುದರಿಂದ ನಕ್ಷೆ ಮಂಜೂರಾಗುವುದು ಮೈಸೂರಿನಲ್ಲಿ. ಕಲ್ಲು ನೆಡುವುದನ್ನು ಕಣ್ಣಾರೆ ಕಾಣುವವರು ಇಲ್ಲಿನ ನಗರಸಭೆ ಮತ್ತು ಗ್ರಾಮ ಪಂಚಾಯಿತಿಗಳ ಸಿಬ್ಬಂದಿ. ಕಂಡವರಿಗೆ ತಡೆಯುವ ಹೊಣೆ ಸ್ಪಷ್ಟವಿಲ್ಲದಿರುವುದೇ ಮೂಲ ದೋಷ.

ಲೆಕ್ಕಪರಿಶೋಧಕನ ದೃಷ್ಟಿಯಿಂದ ಒಂದು ಉದಾಹರಣೆ ನೋಡೋಣ. ಒಂದು ಎಕರೆ ಎಂದರೆ 43,560 ಚದರ ಅಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ಶೇಕಡಾ 45 ಭಾಗ ಬಿಟ್ಟವನಿಗೆ 30x40 ಅಳತೆಯ 19 ನಿವೇಶನಗಳು ಉಳಿಯುತ್ತವೆ. ಇಕ್ಕಟ್ಟಾದ ರಸ್ತೆಗೆ ಶೇಕಡಾ 20 ಮಾತ್ರ ಬಿಟ್ಟವನಿಗೆ 29. ಈ ಹತ್ತು ನಿವೇಶನಗಳೇ ನಿಯಮ ಮುರಿದವನ ಹೆಚ್ಚುವರಿ ಲಾಭ. ಚರಂಡಿಯಿಲ್ಲದ ಬೀದಿ, ಬ್ಯಾಂಕ್ ಸಾಲ ದೊರೆಯದ ದಾಖಲೆ ಕೊಂಡವನ ಪಾಲು.

ಇಂಥದ್ದನ್ನು ತರುವಾಯ ಸಕ್ರಮಗೊಳಿಸುವ ಭರವಸೆಯಿದ್ದರೆ ಪ್ರಾಮಾಣಿಕನೇ ನಷ್ಟಕ್ಕೊಳಗಾಗುತ್ತಾನೆ. ಅಕ್ರಮ-ಸಕ್ರಮದ 2014ರ ನಿಯಮಗಳಿಗೆ ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ತಡೆ ನೀಡಿತು. 2025ರಲ್ಲಿ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅನಧಿಕೃತ ಸ್ವತ್ತುಗಳಿಗೆ ಬಿ-ಖಾತೆ ನೀಡುವ ಅಭಿಯಾನ ನಡೆಯಿತು. ತೆರಿಗೆಯ ವ್ಯಾಪ್ತಿಗೆ ತರುವುದು ಅವಶ್ಯವೇ ಸರಿ. ಆದರೆ ಖಾತೆ ದೊರೆತ ಮಾತ್ರಕ್ಕೆ ಇಲ್ಲದ ರಸ್ತೆ ಹುಟ್ಟುವುದಿಲ್ಲ. ಮತ್ತೊಂದೆಡೆ, ಸ್ವಾಧೀನ ಪತ್ರ ಪರಿಶೀಲಿಸಿದ ಬಳಿಕವೇ ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ನೀಡಬೇಕು, ವಿದ್ಯುತ್, ನೀರಿನ ಸಂಪರ್ಕ ಒದಗಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ನಿರ್ದೇಶಿಸಿತು. ಅಂತಿಮ ಹಂತದಲ್ಲಿ ಬಾಗಿಲು ಮುಚ್ಚಿದಾಗ ಪೆಟ್ಟು ಬೀಳುವುದು ಮನೆ ಕಟ್ಟಿದವನಿಗೆ. ಭೂಮಿ ತುಂಡರಿಸಿ ಮಾರಿದವನು ಆ ವೇಳೆಗೆ ಹೊರಟುಹೋಗಿರುತ್ತಾನೆ.

ಆದುದರಿಂದ ನಿಯಂತ್ರಣವು ಮೊದಲ ಹಂತದಲ್ಲೇ ಇರಬೇಕು. ಈ ದಿಸೆಯಲ್ಲಿ ಕೆಲವು ಸಲಹೆಗಳು:

1. ಮಂಜೂರಾದ ಬಡಾವಣೆಗಳ ಪಟ್ಟಿಯನ್ನು ಸರ್ವೆ ನಂಬರು, ಮಂಜೂರಾತಿ ದಿನಾಂಕ ಹಾಗೂ ರೇರಾ ನೋಂದಣಿ ಸಂಖ್ಯೆಯೊಡನೆ ನಗರಸಭೆ, ಪುರಸಭೆ, ಪಂಚಾಯಿತಿ ಮತ್ತು ಉಪನೋಂದಣಿ ಕಚೇರಿಗಳಲ್ಲಿ ಪ್ರತಿ ತಿಂಗಳು ಪ್ರಕಟಿಸತಕ್ಕದ್ದು.

2. ಕಲ್ಲು ನೆಟ್ಟ ಅಥವಾ ಮಣ್ಣಿನ ರಸ್ತೆ ಮಾಡಿದ ಏಳು ದಿನಗಳೊಳಗೆ ಸ್ಥಳೀಯ ಸಿಬ್ಬಂದಿಯು ಪ್ರಾಧಿಕಾರಕ್ಕೆ ಲಿಖಿತ ವರದಿ ಸಲ್ಲಿಸತಕ್ಕದ್ದು. ವರದಿ ಬಾರದಿದ್ದಲ್ಲಿ ಹೊಣೆ ನಿಗದಿಯಾಗಬೇಕು.

3. ನಿಯಮಾನುಸಾರ ಬಂದ ಅರ್ಜಿಯನ್ನು ಕಾಲಮಿತಿಯಲ್ಲಿ ಇತ್ಯರ್ಥಪಡಿಸಬೇಕು. ವಿಳಂಬವೇ ಅಕ್ರಮಕ್ಕೆ ಪ್ರೇರಣೆ.

4. ದಂಡದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಅದೇ ಬಡಾವಣೆಯ ರಸ್ತೆ, ಚರಂಡಿಗೆ ವಿನಿಯೋಗಿಸಿ, ವಾರ್ಷಿಕ ಲೆಕ್ಕಪರಿಶೋಧನೆಗೆ ಒಳಪಡಿಸಬೇಕು.

5. ನದೀತೀರ, ಕೆರೆ, ರಾಜಕಾಲುವೆಗಳ ಒತ್ತುವರಿಗೆ ಯಾವ ವಿನಾಯಿತಿಯೂ ಸಲ್ಲದು. 2018 ಮತ್ತು 2019ರ ಕಪಿಲಾ ಪ್ರವಾಹವು ನಂಜನಗೂಡಿಗೆ ಕಲಿಸಿದ ಪಾಠವನ್ನು ಕಪಿಲೆ ಕಾವೇರಿಯನ್ನು ಸೇರುವ ನರಸೀಪುರವೂ ಮರೆಯಬಾರದು.

ವಾಣಿಜ್ಯ ಸಂಸ್ಥೆಗಳು ಮತ್ತೊಂದು ಸಕ್ರಮ ಯೋಜನೆಗೆ ಮನವಿ ಸಲ್ಲಿಸುವ ಬದಲು, ಮೊದಲ ಎರಡು ಸಲಹೆಗಳ ಜಾರಿಗೆ ಒತ್ತಾಯಿಸುವುದು ಲೇಸು. ಇವೆರಡಕ್ಕೂ ಹೊಸ ಕಾನೂನು ಬೇಕಿಲ್ಲ. ಒಂದು ವಹಿ, ಒಂದು ಸಹಿ ಸಾಕು.