ಗೆರೆಯಾಚೆ ಕೂತ ಹುಡುಗ

ಫುಟ್‌ಬಾಲ್ ಕೋಚ್‌ಗೆ ಆಟ ಗೊತ್ತಿದ್ದರೆ ಅರ್ಧ ಕೆಲಸವಷ್ಟೇ ಆಯಿತು. ಉಳಿದರ್ಧ ಆಟಗಾರರ ಮನಸ್ಸಿಗೆ ಸೇರಿದ್ದು. ಅದರಲ್ಲೂ ಮೈದಾನಕ್ಕಿಳಿದ ಹನ್ನೊಂದು ಮಂದಿಯ ಸಮಾಧಾನಕ್ಕೆ ಆಟವೇ ಸಾಕು. ಬೂಟು ಕಟ್ಟಿಕೊಂಡು ಗೆರೆಯಾಚೆ ಕೂತವರನ್ನು ನೋಡಿಕೊಳ್ಳಬೇಕಾದವನು ಕೋಚ್ ಒಬ್ಬನೇ.

ಭಾರತದ ಅತ್ಯಂತ ಯಶಸ್ವಿ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಮೂಲತಃ ಶಾಲಾ ಮೇಷ್ಟ್ರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್‌ಗೆ ಅವರು ಗೋಲ್‌ಕೀಪರ್ ಪ್ರದ್ಯುತ್ ಬರ್ಮನ್ ಅವರನ್ನು ಕೂರಿಸಿ, ಜ್ವರದಿಂದ ಬಳಲಿದ್ದ ನೀಳಕಾಯದ ಪೀಟರ್ ತಂಗರಾಜ್ ಅವರನ್ನು ಇಳಿಸಿದರು. ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಫಾರ್ವರ್ಡ್ ಜಾಗದಲ್ಲಿ ಆಡಿಸಿದ್ದರು. ಜರ್ನೈಲ್ ಗೋಲು ಹೊಡೆದರು, ದಕ್ಷಿಣ ಕೊರಿಯಾ ವಿರುದ್ಧ 2-1ರಿಂದ ಚಿನ್ನ ಬಂತು. ಇಂಥ ನಿರ್ಧಾರವನ್ನು ಕಾಗದದ ಮೇಲೆ ಯಾರು ಬೇಕಾದರೂ ಬರೆಯಬಹುದು. ಗಾಯಗೊಂಡವನು ಒಪ್ಪಿ ಇಳಿಯಬೇಕಾದರೆ, ಜಾಗ ಬಿಟ್ಟುಕೊಟ್ಟವನು ಮುನಿಸಿಕೊಳ್ಳದೆ ಇರಬೇಕಾದರೆ ಕೋಚ್ ಮೇಲೆ ನಂಬಿಕೆ ಬೇಕು. ಅದು ಪಂದ್ಯದ ಹಿಂದಿನ ರಾತ್ರಿ ಹುಟ್ಟುವಂಥದ್ದಲ್ಲ.

ಬೆಂಗಳೂರಿನ ಉದಾಹರಣೆ ಇನ್ನೂ ಹಸಿ. 2022-23ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಬೆಂಗಳೂರು ಎಫ್‌ಸಿ ಕೋಚ್ ಸೈಮನ್ ಗ್ರೇಸನ್, 38ರ ಸುನಿಲ್ ಛೆಟ್ರಿಯನ್ನು ಬೆಂಚಿನಲ್ಲಿಟ್ಟು ಯುವಕ ಶಿವಶಕ್ತಿ ನಾರಾಯಣನ್ ಅವರನ್ನು ಮೊದಲು ಆಡಿಸತೊಡಗಿದರು. ದೇಶದ ನಾಯಕನನ್ನು ಹೀಗೆ ಕೂರಿಸಿದರೆ ಡ್ರೆಸಿಂಗ್ ರೂಮ್ ಎರಡಾಗಲು ಅಷ್ಟೇ ಸಾಕಿತ್ತು. ಹಾಗಾಗಲಿಲ್ಲ. ಅದರ ಅರ್ಧ ಶ್ರೇಯ ಛೆಟ್ರಿಗೇ ಸಲ್ಲಬೇಕು. 2023ರ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಬದಲಿ ಆಟಗಾರನಾಗಿ ಬಂದು, ಹೆಚ್ಚುವರಿ ಅವಧಿಯಲ್ಲಿ ಫ್ರೀ ಕಿಕ್‌ನಿಂದ ಗೋಲು ಹೊಡೆದವರು ಅವರೇ. ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 1968-69ರ ನಂತರ ಮೊದಲ ಬಾರಿಗೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯ ತಂಡದ ಕೋಚ್ ಕಷ್ಟ ಬೇರೆ: ಲೀಗ್‌ನಲ್ಲಿ ಒಬ್ಬರ ಕಾಲಿಗೊಬ್ಬರು ಅಡ್ಡ ಬಂದವರನ್ನು ಕೆಲವೇ ವಾರಗಳಲ್ಲಿ ಒಂದೇ ಬಣ್ಣದ ಅಂಗಿಯೊಳಗೆ ಕೂಡಿಸಬೇಕು.

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಲೆಗಳಲ್ಲಿ ತಂಡ ಕೂಡಿಸುವ ಈ ಹೊಣೆ ಬೀಳುವುದು ಪಿಟಿ ಮೇಷ್ಟ್ರ ಮೇಲೆ. ಹುಲ್ಲಹಳ್ಳಿಯೋ ಬನ್ನೂರೋ ತಲಕಾಡೋ, ಸಣ್ಣ ಶಾಲೆಯಾದರೆ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಓಟ ಎಲ್ಲಕ್ಕೂ ಅವರೊಬ್ಬರೇ. ಫುಟ್‌ಬಾಲ್‌ಗೆ ಹನ್ನೊಂದು ಹುಡುಗರನ್ನು ಕೂಡಿಸುವುದೇ ಸಾಹಸ. ಕ್ರೀಡಾಕೂಟಗಳು ಬರುವ ಹೊತ್ತಿಗೇ ನಾಲೆಗೆ ನೀರು ಬಿಟ್ಟು ಗದ್ದೆ ನಾಟಿಯೂ ಶುರುವಾಗಿರುತ್ತದೆ. ‘ನಾಟಿ ಮುಗೀಲಿ ಮೇಷ್ಟ್ರೇ, ಆಮೇಲ್ ಕಳಿಸ್ತೀನಿ’ ಎನ್ನುವ ಅಪ್ಪನ ಜೊತೆ ಬದುವಿನ ಮೇಲೆ ನಿಂತು ಮಾತಾಡಿ ಬರುವುದೂ ಇಲ್ಲಿ ಕೋಚಿಂಗೇ.

ಇಂಥಲ್ಲಿ ಬದಲಿ ಹುಡುಗನನ್ನು ಕಳೆದುಕೊಳ್ಳುವುದು ದುಬಾರಿ. ತಿಂಗಳುಗಟ್ಟಲೆ ಸಂಜೆ ಬಂದವನನ್ನು ಪಂದ್ಯದ ದಿನ ಎಲ್ಲರೆದುರು ಹೆಸರು ಕೂಗದೆ ಬಿಟ್ಟರೆ ಅವನು ‘ಸಾ, ನನ್ನ ಯಾಕೆ ಆಡಿಸ್ನಿಲ್ಲ?’ ಎಂದು ಕೇಳುವುದೂ ಇಲ್ಲ. ಮರುವಾರದಿಂದ ಬರುವುದೇ ಇಲ್ಲ. ಮುಂದಿನ ವರ್ಷ ಹತ್ತನೇ ತರಗತಿಯವರು ಹೊರಟುಹೋದಾಗ ಆಡಬೇಕಾದವನು ಅವನೇ. ಆದ್ದರಿಂದ ಹೆಸರುಗಳನ್ನು ಹಿಂದಿನ ದಿನವೇ ಹೇಳುವುದು, ಬಿಟ್ಟವನನ್ನು ಪಕ್ಕಕ್ಕೆ ಕರೆದು ಕಾರಣ ತಿಳಿಸುವುದು ಒಳ್ಳೆಯದು. ಕಾರಣ ನಿಜವಿರಬೇಕು. ಎಡಗಾಲು ಆಡುತ್ತಿಲ್ಲ ಎಂದರೆ ಅವನು ಎಡಗಾಲು ಪಳಗಿಸುತ್ತಾನೆ. ‘ನೋಡೋಣ ಬಿಡು’ ಎಂದರೆ ಮೇಷ್ಟ್ರಿಗೆ ಬೇಕಾದವರು ಬೇರೆಯವರು ಎಂದುಕೊಳ್ಳುತ್ತಾನೆ. ಹಳ್ಳಿಯಲ್ಲಿ ಆ ಅನುಮಾನಕ್ಕೆ ಕೇರಿ, ಜಾತಿಯ ಬಣ್ಣ ಹತ್ತುವುದಕ್ಕೆ ಹೊತ್ತು ಬೇಕಿಲ್ಲ.

ಬೈಯುವುದಕ್ಕೂ ಹೊತ್ತುಗೊತ್ತು ಇದೆ. ಶಾಲಾ ಪಂದ್ಯಗಳಲ್ಲಿ ಸಾಮಾನ್ಯವಾಗಿ ಒಮ್ಮೆ ಸೋತರೆ ಆ ವರ್ಷದ ಆಟ ಮುಗಿದಂತೆ. ಗೋಲು ಬಿಟ್ಟ ಹುಡುಗನಿಗೆ ವಾಪಸು ಬಸ್ಸಿನಲ್ಲಿ ಪಾಠ ಹೇಳಿದರೆ ಒಂದೂ ಕಿವಿಗೆ ಹೋಗುವುದಿಲ್ಲ. ಸೋಮವಾರ ಸಂಜೆ, ಚೆಂಡು ಕಾಲಡಿಯಲ್ಲಿರುವಾಗ ಹೇಳಿದರೆ ಕೇಳುತ್ತಾನೆ.