ನರಿ ಬೇಟೆಗೆ ಬಂದೂಕು ಬೇಡ!

ಗಾಬರಿ ಬೇಡ ಸ್ವಾಮಿ, ಇಲ್ಲಿ ನರಿ ಅಂದರೆ ಬಚ್ಚಿಟ್ಟ ಪುಟ್ಟ ಟ್ರಾನ್ಸ್‌ಮಿಟರ್. ಹ್ಯಾಮ್ ರೇಡಿಯೋ ಹವ್ಯಾಸಿಗಳು ಯಾಗಿ ಆಂಟೆನಾ ತಿರುಗಿಸಿ, ಸಿಗ್ನಲ್ ಜೋರಾದ ದಿಕ್ಕಿಗೆ ನಕ್ಷೆಯಲ್ಲಿ ಗೆರೆ ಎಳೆಯುತ್ತಾರೆ. ಇನ್ನೊಂದು ಜಾಗದಿಂದ ಮತ್ತೊಂದು ಗೆರೆ. ಎರಡೂ ಕೂಡಿದಲ್ಲಿ ನರಿ! ಗುಡ್ಡಕ್ಕೆ ಬಡಿದು ಬಂದ ಅಲೆ ದಾರಿ ತಪ್ಪಿಸುವುದೂ ಉಂಟು; ಅದಕ್ಕೇ ಮೂರನೇ ಗೆರೆ.

ಪೆಂಡಾಲು, ಅಧ್ಯಕ್ಷರ ಭಾಷಣ ಯಾವುದೂ ಬೇಡ. ಭಾನುವಾರ ಬೆಳಿಗ್ಗೆ ನಾಲ್ಕು ಜನ ಸೇರಿದರೆ ಸಾಕು. ಆದರೆ 144-146 ಮೆಗಾಹರ್ಟ್ಸ್‌ನಲ್ಲಿ ನರಿಯನ್ನು ಕೂಗಿಸುವವರ ಕೈಲಿ ಕೇಂದ್ರ ಸರ್ಕಾರದ ಲೈಸೆನ್ಸ್ ಇರಲೇಬೇಕು. ಠಾಣೆಗೂ ಮೊದಲೇ ಒಂದು ಮಾತು ಹೇಳಿಡುವುದು ಲೇಸು. ಆಂಟೆನಾ ಹಿಡಿದು ಅಲೆಯುವ ಹುಡುಗನ ಮೇಲೆ ಅನುಮಾನ ಬರದಿದ್ದೀತೆ?

ಬರೀ ಆಟ ಅಂತ ಮೂಗು ಮುರಿಯಬೇಡಿ. 2004ರ ಸುನಾಮಿಯಲ್ಲಿ ಅಂಡಮಾನಿನ ಫೋನು ಕೆಟ್ಟಾಗ ಸುದ್ದಿ ದಾಟಿಸಿದ್ದು ಹ್ಯಾಮ್‌ಗಳೇ. ಪಳಗಿದ ಕೈಗಳು ಪ್ರವಾಹ ಬಂದ ದಿನ ಹುಡುಕಿದರೆ ಸಿಗಲ್ಲ.